ಈ ಬೇಸಿಗೆಯ ಮೊದಲ ತಲೆ

ಫೆಬ್ರವರಿ ೧೯
ಸೋಮವಾರ, ಅಂಗಡಿಗೆ ರಜೆ

ತಂಗಿಗೆ,

'ಪ್ರೀತಿಯ' ಎಂದು ಸೇರಿಸಬೇಕೋ ಬೇಡವೋ ಎನ್ನುವುದನ್ನು ನಿನ್ನ ಉತ್ತರ ನೋಡಿ ತೀರ್ಮಾನಿಸುತ್ತೇನೆ. ನಾಲ್ಕು ವರ್ಷ ಮಾತು ಬಿಟ್ಟವಳು ಈಗ ಕಾಗದ ಬರೆಯುತ್ತಿದ್ದಾಳೆ ಎಂದು ಹುಬ್ಬೇರಿಸಬೇಡ. ಫೋನ್ ಮಾಡಿದರೆ ನೀನು ನಗುತ್ತೀಯ, ನೀನು ನಕ್ಕರೆ ನಾನು ಹೇಳಬೇಕಾದದ್ದೆಲ್ಲ ಮರೆತುಬಿಡುತ್ತೇನೆ. ಅದಕ್ಕೇ ಕಾಗದ.

ಸುತ್ತಿಬಳಸದೆ ಕೇಳುತ್ತೇನೆ. ನನ್ನ ಅಂಗಡಿಯಲ್ಲಿ ನಿನ್ನ ಕಡೆಯವರು ಯಾರು?

ಹೋದ ಮಳೆಗಾಲಕ್ಕೆ ನಾನು ಕೂದಲಿನ ಒಂದು ಕಟ್ ಯೋಚಿಸಿಟ್ಟಿದ್ದೆ. ಎಷ್ಟು ನೆನೆದರೂ ಬಾಚದೆ ತಾನೇ ಕೂರುವಂಥದ್ದು. ನಾನು ಅದನ್ನು ಹೊರಗೆ ಬಿಡುವುದಕ್ಕೆ ಒಂದು ವಾರ ಮುಂಚೆ ಸೇತುವೆಯಾಚೆಯ ನಿನ್ನ ಅಂಗಡಿಯಿಂದ ಅದೇ ಕಟ್ ಹೊರಟಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದುಕೊಂಡು ಸುಮ್ಮನಾದೆ. ಚಳಿಗಾಲಕ್ಕೆ ಕಿವಿ ಮುಚ್ಚಿ ಕೆನ್ನೆಯ ಮೇಲೆ ಬಾಗುವ ಹಾಗೆ ಇನ್ನೊಂದು ಮಾಡಿದೆ. ಅದೂ ನಿನ್ನಲ್ಲೇ ಮೊದಲು. ಈಗ ಬೇಸಿಗೆಯದು. ಹಿಂದೆ ಕತ್ತು ಪೂರ್ತಿ ಗಾಳಿಗೆ ಬಿಟ್ಟು, ಮುಂದೆ ಗಲ್ಲದವರೆಗೆ ಇಳಿಯುವ ಕಟ್. ಹದಿನೈದು ದಿನದ ಹಿಂದೆ ಸೇತುವೆ ಬಳಿಯ ದೊಡ್ಡ ಅಂಚೆ ಕಚೇರಿಗೆ ಹೋದರೆ, ಅಂಚೆಚೀಟಿ ಮಾರುವವಳು ಅದೇ ತಲೆ ಹೊತ್ತು ಕಿಟಕಿಯ ಹಿಂದೆ ಕೂತಿದ್ದಾಳೆ! ನನ್ನ ಹಿಂದೆ ನಿಂತಿದ್ದವಳು ಎಲ್ಲಿ ಮಾಡಿಸಿದ್ರಿ ಅಂತ ಕೇಳಿದಳು. ಈಗೆಲ್ಲ ಇದೇ ನಡೀತಿರೋದು ಅಂತ ಅವಳು ಉತ್ತರ ಕೊಟ್ಟಳು. ಪಾಠ ಒಪ್ಪಿಸಿದ ಹಾಗೆ.

ಆ ಪಾಠ ಯಾರದೆಂದು ನನಗೆ ಗೊತ್ತಿಲ್ಲವೇ? ನಾವಿಬ್ಬರೂ ಒಂದೇ ಕನ್ನಡಿಯ ಮುಂದೆ ನಿಂತು ಕಂಡುಕೊಂಡದ್ದು. ಸಿನಿಮಾದವರು, ಪತ್ರಿಕೆಯವರು ಎಲ್ಲ ಆಮೇಲಿನ ಮಾತು. ಊರಿನ ತಲೆ ಬದಲಾಗಬೇಕಾದರೆ ಸರದಿ ನಿಲ್ಲುವ ಜಾಗದಲ್ಲಿ ಒಂದು ತಲೆ ಹಿಡಿಯಬೇಕು, ಬಿಟ್ಟಿ ಮಾಡಿಕೊಡಬೇಕು. ಸರದಿಯಲ್ಲಿ ನಿಂತವರಿಗೆ ಕಿಟಕಿಯ ಹಿಂದಿನ ತಲೆ ಬಿಟ್ಟು ನೋಡಲು ಬೇರೇನೂ ಇರುವುದಿಲ್ಲ. ಹೊಸದು ಅನ್ನಲೇಬಾರದು, ಹೊಸದೆಂದರೆ ಜನ ಹೆದರುತ್ತಾರೆ. ಎಲ್ಲರೂ ಆಗಲೇ ಮಾಡಿಸಿಕೊಂಡಾಗಿದೆ ಅನ್ನಬೇಕು. ಆಗ ತಾನೊಬ್ಬಳೇ ಹಿಂದೆ ಬಿದ್ದೆನಲ್ಲ ಎಂಬ ಹೊಟ್ಟೆಯುರಿಗೆ ಮಾರನೆಯ ದಿನವೇ ಬಂದು ಕುರ್ಚಿಯಲ್ಲಿ ಕೂರುತ್ತಾರೆ.

ಒಂದು ಒಪ್ಪಿಕೊಳ್ಳುತ್ತೇನೆ. ಚಳಿಗಾಲದ ಕಟ್ ಕಳೆದುಕೊಂಡ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ನಿನ್ನ ಅಂಗಡಿಯ ಎದುರಿನ ಚಪ್ಪಲಿ ಅಂಗಡಿಯಲ್ಲಿ ಒಂದು ಗಂಟೆ ಕೂತಿದ್ದೆ. ನಾಚಿಕೆಗೆ ಬೇಡದ ಚಪ್ಪಲಿ ಕೊಂಡೆ. ಅದು ಇವತ್ತಿಗೂ ಕಚ್ಚುತ್ತಿದೆ. ಆದರೆ ನನ್ನ ಕಡೆಯ ಒಂದು ಮುಖವೂ ಅಲ್ಲಿ ಕಾಣಲಿಲ್ಲ.

ಅದಕ್ಕೇ ಈ ಸಲ ಬಲೆ ಹಾಕಿದೆ. ಶಾಂಪೂ ಹಾಕುವ ಹುಡುಗಿಗೆ, ಬೇಸಿಗೆಗೆ ಒಂದು ಕಿವಿಯ ಮೇಲೆ ಬೋಳಿಸುವುದು ಅಂದೆ. ಬಣ್ಣದ ಡಬ್ಬಿ ತಂದುಕೊಡುವ ಮಾರಾಟದವನಿಗೆ, ಹುಬ್ಬಿನವರೆಗೆ ನೇರ ಹಣೆಗೂದಲು ಅಂದೆ. ನಿಜ ಹೇಳಿದ್ದು ಗುಂಗುರಿಗೆ ಮಾತ್ರ. ಮನೆಯಲ್ಲಿ ಎಂದಿನಂತೆ ಭಾನುವಾರ ಅಡುಗೆಮನೆಯ ಸ್ಟೂಲಿನ ಮೇಲೆ ಅಮ್ಮನನ್ನು ಕೂರಿಸಿ ಅವಳ ತಲೆಯ ಮೇಲೆ ಕತ್ತರಿಸಿ ನೋಡಿದೆ. ಅದು ಲೆಕ್ಕಕ್ಕಿಲ್ಲ, ಅವಳು ಕನ್ನಡಿಯನ್ನೂ ನೋಡಿಕೊಳ್ಳುವವಳಲ್ಲ. ಕಾಲ ಬರುವವರೆಗೆ ಹೊರಗೆ ಹೋಗುವಾಗ ಸ್ಕಾರ್ಫ್ ಕಟ್ಟಿಕೋ ಎಂದರೆ ಕಟ್ಟಿಕೊಳ್ಳುತ್ತಾಳೆ. ಹಾಗಾಗಿ ಉಳಿದದ್ದು ಗುಂಗುರಿ.

ಹನ್ನೊಂದು ವರ್ಷ ನನ್ನ ಪಕ್ಕದ ಕುರ್ಚಿಯ ಹಿಂದೆ ನಿಂತು ಕೆಲಸ ಮಾಡಿದವಳು. ಅವಳ ಗುಂಗುರು ಕೂದಲು ನೋಡಿ ನೀನೇ ಇಟ್ಟ ಹೆಸರು. ಅಂಚೆ ಕಚೇರಿಯಲ್ಲಿ ಆ ತಲೆ ಕಂಡ ವಾರದ ಶನಿವಾರ ಸಂಜೆ ಅವಳಿಗೆ, ನಿನ್ನ ಕತ್ತರಿ ಚೀಲ ಕಟ್ಟಿಕೋ ಅಂದೆ. ಕಾರಣವನ್ನೂ ಮುಖದ ಮೇಲೇ ಹೇಳಿದೆ. ಅವಳು ತನ್ನ ಕನ್ನಡಿ ಒರೆಸಿದಳು, ಬಾಚಣಿಗೆಗಳನ್ನು ಸೋಪಿನ ನೀರಿಗೆ ಹಾಕಿದಳು, ಏಪ್ರನ್ ಮಡಿಸಿಟ್ಟಳು, ಹೋದಳು. ತಪ್ಪು ಮಾಡದವಳಾದರೆ ಒಂದು ಮಾತಾದರೂ ಆಡಬೇಡವೇ? ಬೇರೆ ಅಂಗಡಿಯವರು ಅವಳ ಬಗ್ಗೆ ವಿಚಾರಿಸಿದಾಗ ನಾನು ಏನನ್ನೂ ಮುಚ್ಚಿಡಲಿಲ್ಲ. ನಮ್ಮ ಕಸುಬಿನಲ್ಲಿ ಗುಟ್ಟು ನಿಲ್ಲದವಳಿಗೆ ಯಾರೂ ಕುರ್ಚಿ ಕೊಡುವುದಿಲ್ಲ. ಅವಳ ಸಂಪಾದನೆಯಲ್ಲೇ ಅವಳ ಮನೆ ನಡೆಯುತ್ತದೆ ಎಂಬುದೂ ನನಗೆ ಗೊತ್ತು.

ಇಷ್ಟಾದ ಮೇಲೆ ನಿನಗೆ ಯಾಕೆ ಬರೆಯುತ್ತಿದ್ದೇನೆ? ಮೊನ್ನೆ ಮತ್ತೆ ಅಂಚೆ ಕಚೇರಿಗೆ ಹೋಗಿದ್ದೆ. ಅಂಚೆಚೀಟಿಯವಳು ಹಿಂದಕ್ಕೆ ತಿರುಗಿ ಕಪಾಟು ತೆಗೆದಳು. ಅವಳ ಕತ್ತಿನ ಮೇಲೆ ಕೂದಲು ಸಣ್ಣ ಮೊನೆಯಾಗಿ ಇಳಿದಿತ್ತು. ಗುಂಗುರಿಗೆ ನಾನು ಹೇಳಿದ್ದು ನೇರ ಅಂಚು. ಮೊನೆ ಆಮೇಲೆ ಬಂದದ್ದು. ಒಂದು ಗುರುವಾರ ಅಮ್ಮನ ತಲೆ ಬಾಚುವಾಗ, ನೇರ ಕತ್ತರಿಸಿದ್ದೆ ಅಂದುಕೊಂಡಿದ್ದ ಅಂಚು ಮೊನೆಯಾಗಿ ಕಂಡಿತು. ನನ್ನದೇ ಕೈ ಜಾರಿರಬೇಕು ಅಂದುಕೊಂಡೆ, ಚೆನ್ನಾಗಿತ್ತು, ಇನ್ನಷ್ಟು ಚೂಪು ಮಾಡಿ ಹಾಗೇ ಇಟ್ಟುಕೊಂಡೆ. ಅದನ್ನು ಗುಂಗುರಿಗೂ ಹೇಳಿರಲಿಲ್ಲ. ಅಂದರೆ ನನ್ನಲ್ಲಿ ನಿನ್ನ ಕಡೆಯವರು ಇನ್ನೊಬ್ಬರಿದ್ದಾರೆ. ಯಾರು? ಹೆಸರು ಬರೆದು ಕಳಿಸು.

ಇಂತಿ,
ನಿನ್ನ ಅಕ್ಕ (ನೀನು ಈಗಲೂ ಹಾಗೆ ಕರೆಯುವುದಾದರೆ)

ಮರೆತಿದ್ದೆ: ಅಮ್ಮ ಆರೋಗ್ಯವಾಗಿದ್ದಾಳೆ. ಮಂಡಿನೋವಿನ ವ್ಯಾಯಾಮಕ್ಕೆಂದು ಪ್ರತಿ ಬುಧವಾರ ಆಸ್ಪತ್ರೆಗೆ ಹೋಗುತ್ತಾಳೆ. ಬರುವಾಗ ಮುಖ ಗೆಲುವಾಗಿರುತ್ತದೆ. ಒಳ್ಳೆಯ ಡಾಕ್ಟರ್ ಇರಬೇಕು.


ಫೆಬ್ರವರಿ ೨೩

ಪ್ರೀತಿಯ ಅಕ್ಕನಿಗೆ,

ನಾನು ಯಾರ ಉತ್ತರಕ್ಕೂ ಕಾಯದೆ 'ಪ್ರೀತಿಯ' ಸೇರಿಸಿಬಿಟ್ಟಿದ್ದೇನೆ. ಚಪ್ಪಲಿಯ ಸುದ್ದಿಗೆ ನಕ್ಕೆ. ಗುಂಗುರಿಯ ಸುದ್ದಿಗೆ ಬಂದಾಗ ನಗು ನಿಂತುಹೋಯಿತು.

ಆ ಆಸ್ಪತ್ರೆ ನಾನೇ ಕಣೇ. ಅಮ್ಮ ಹೋದ ಮಳೆಗಾಲದಿಂದ ಪ್ರತಿ ಬುಧವಾರ ಮಧ್ಯಾಹ್ನ ಇಲ್ಲಿಗೆ ಬರುತ್ತಾಳೆ. ಮೊದಲ ದಿನ ಕನ್ನಡಿಯ ಮುಂದೆ ಕೂತು ಸ್ಕಾರ್ಫ್ ಬಿಚ್ಚಿದಳು. ನಿನ್ನ ಕೈ ನನಗೆ ಗೊತ್ತಾಗುವುದಿಲ್ಲವೇ? ಕಿವಿಯ ಹಿಂದೆ ನೀನು ಎರಡು ಸಲ ಕತ್ತರಿ ಆಡಿಸುತ್ತೀಯ, ಇಡೀ ಊರಿನಲ್ಲಿ ಇನ್ಯಾರೂ ಹಾಗೆ ಮಾಡುವುದಿಲ್ಲ. ಅಕ್ಕ ಕಳಿಸಿದಳಾ ಎಂದು ಅಮ್ಮನನ್ನು ಕೇಳಿದೆ. ಅವಳು ಬಾಯಿಬಿಟ್ಟು ಹೇಳೋಳಾ, ಅವಳ ಬುದ್ಧಿ ನಿನಗೆ ಗೊತ್ತಲ್ಲ ಅಂತ ಅಂದಳು. ಹೌದು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ನಾನು ಹೌದು ಅಂದುಕೊಂಡೆ.

ಅಕ್ಕಾ, ನೀನೇ ಕಳಿಸುತ್ತಿದ್ದೀಯ ಅಂದುಕೊಂಡೆ. ಮಾತಾಡಲು ಮನಸ್ಸಾಗದೆ, ಮುಂದಿನ ಕಾಲದ ಕಟ್ ಅನ್ನು ಅಮ್ಮನ ತಲೆಯ ಮೇಲಿಟ್ಟು ನನಗೆ ಮುಟ್ಟಿಸುತ್ತಿದ್ದೀಯ ಅಂತ. ಎರಡು ಕಡೆಯಿಂದ ಬಿಟ್ಟರೆ ಊರು ಬೇಗ ಹಿಡಿಯುತ್ತದೆ, ಅದಕ್ಕೇ ಇರಬೇಕು ಅಂತ. ಅಂಚೆಚೀಟಿಯವಳನ್ನು ಆರಿಸಿದ್ದೂ ನೀನು ಅಲ್ಲಿಗೆ ಬರುತ್ತೀಯ ಎಂದೇ. ಈ ಬೇಸಿಗೆಗೆ ಧೈರ್ಯ ಮಾಡಿ ಉತ್ತರ ಕೊಟ್ಟೆ. ಅಮ್ಮನ ಕತ್ತಿನ ಮೇಲೆ ನೀನು ನೇರ ಬಿಟ್ಟಿದ್ದ ಅಂಚನ್ನು ಮೊನೆ ಮಾಡಿದೆ. ಬೈದು ನೇರ ಮಾಡಿ ಕಳಿಸುತ್ತೀಯ ಅಂದುಕೊಂಡಿದ್ದೆ. ಮುಂದಿನ ಬುಧವಾರ ನೋಡಿದರೆ ಮೊನೆ ಇನ್ನೂ ಚೂಪಾಗಿತ್ತು. ಅಕ್ಕ ಒಪ್ಪಿಕೊಂಡಳು ಎಂದು ಅವತ್ತು ಅಂಗಡಿಯಲ್ಲಿ ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದೆ. ನಿನಗೆ ಏನೂ ಗೊತ್ತೇ ಇರಲಿಲ್ಲ ಎಂದು ಈಗ ತಿಳಿಯಿತು. ಕೋಪ ಬರಬೇಕಿತ್ತು, ಬೇಸರವಾಯಿತು.

ನಾಲ್ಕು ವರ್ಷದ ಹಿಂದೆ ನಾನು ಯಾಕೆ ಹೊರಟುಬಂದೆ ಎನ್ನುವುದನ್ನು ನೀನು ಎಲ್ಲರಿಗೂ ಬೇರೆ ಬೇರೆಯಾಗಿ ಹೇಳಿದ್ದೀಯ. ನಿಜವಾದ ಕಾರಣ ನಮ್ಮಿಬ್ಬರಿಗೇ ಗೊತ್ತು. ನಾನು ಗಿರಾಕಿಯ ತಲೆ ತೊಳೆಯುತ್ತಿದ್ದಾಗ ನೀನು ನನ್ನ ಕೈಚೀಲ ತೆಗೆದು ನೋಡಿದೆ, ಗಿರಾಕಿಗಳ ಫೋನ್ ನಂಬರ್ ಬರೆದುಕೊಂಡಿದ್ದೇನಾ ಎಂದು. ನಾನು ಕನ್ನಡಿಯಲ್ಲಿ ನೋಡಿದೆ. ಚೀಲದಲ್ಲಿ ನಿನ್ನ ಹುಟ್ಟುಹಬ್ಬಕ್ಕೆ ಕೊಂಡಿದ್ದ ಕತ್ತರಿಯಿತ್ತು, ಅದನ್ನೂ ನೀನು ನೋಡಿದೆ. ನಾನು ತಂಗಿ, ಹೊರಟು ಬಂದು ನನ್ನದೇ ಅಂಗಡಿ ಮಾಡಿಕೊಂಡೆ. ಗುಂಗುರಿ ಎಲ್ಲಿಗೆ ಹೋಗಬೇಕು? ಆಣೆ ಮಾಡಿ ಹೇಳುತ್ತೇನೆ, ಅವಳು ನನಗೆ ಒಂದು ಅಕ್ಷರವನ್ನೂ ಹೇಳಿಲ್ಲ. ನನ್ನ ಮೇಲೆ ಎಷ್ಟು ಬೇಕಾದರೂ ಅನುಮಾನ ಪಡು, ರೂಢಿಯಾಗಿದೆ. ಮೊದಲು ಅವಳ ಹೆಸರು ತೊಳೆ.

ನಿನ್ನ,
ತಂಗಿ

ಅಮ್ಮನ ಮಂಡಿ ನಿಜಕ್ಕೂ ಗಟ್ಟಿಯಾಗಿದೆ. ನನ್ನ ಅಂಗಡಿಗೆ ಇಪ್ಪತ್ತೆರಡು ಮೆಟ್ಟಿಲು.


ಮಾರ್ಚ್ ೨

ಪ್ರೀತಿಯ ತಂಗಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ, ಇದು ನಿನ್ನ ಕಡೆಯವರನ್ನು ಉಳಿಸಿಕೊಳ್ಳಲು ಹೂಡಿದ ಆಟ ಅನ್ನಿಸಿತು. ನನ್ನ ಬುದ್ಧಿಯೇ ಅಷ್ಟು, ಏನು ಮಾಡಲಿ? ಅಮ್ಮನನ್ನು ನೇರವಾಗಿ ಕೇಳದೆ ಬುಧವಾರ ಅವಳ ಹಿಂದೆಯೇ ಬಸ್ಸು ಹತ್ತಿ ಕೊನೆಯ ಸೀಟಿನಲ್ಲಿ ಕೂತೆ.

ಸೇತುವೆ ದಾಟುವಷ್ಟರಲ್ಲಿ ಅಮ್ಮ ಸ್ಕಾರ್ಫ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಬೆರಳಿನಿಂದ ಕೂದಲು ಸರಿಮಾಡಿಕೊಂಡಳು, ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡಳು. ಕನ್ನಡಿ ನೋಡಿಕೊಳ್ಳದವಳು! ಅವಳ ಹಿಂದಿನ ಸೀಟಿನ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಅವಳ ಕತ್ತನ್ನೇ ನೋಡಿದರು. ಒಬ್ಬಳು ಭುಜ ತಟ್ಟಿ ಏನೋ ಕೇಳಿದಳು. ಅಮ್ಮ ತಿರುಗಿ, ಈಗೆಲ್ಲ ಇದೇ ಅಂತೆ ಅಂತ ಅಂದಳು. ಮೂರು ಕಾಲದಿಂದ ಊರಿನ ಮೊದಲ ತಲೆ ನಮ್ಮ ಅಡುಗೆಮನೆಯ ಸ್ಟೂಲಿನ ಮೇಲಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ.

ಸಂಜೆ ಮನೆಯಲ್ಲಿ ಕೇಳಿದೆ. ಅಮ್ಮನಿಗೆ ಸ್ವಲ್ಪವೂ ಅಳುಕಿಲ್ಲ. ನೀವಿಬ್ಬರೂ ಬಾಯಿ ಮುಚ್ಚಿಕೊಂಡು ಕೂತ್ರಿ, ನನ್ನ ಹತ್ರ ಇದ್ದಿದ್ದು ಒಂದು ತಲೆ, ಅದನ್ನೇ ಆ ಕಡೆ ಈ ಕಡೆ ಓಡಾಡಿಸಿದೆ ಅಂದಳು. ಆಮೇಲೆ ಗುಂಗುರಿಯ ವಿಷಯ ಹೇಳಿದೆ. ಅವಳೇ ಕೆಲಸ ಬಿಟ್ಟು ಹೋದಳೆಂದು ನಾನು ಅಮ್ಮನಿಗೆ ಸುಳ್ಳು ಹೇಳಿದ್ದೆ. ಅಮ್ಮ ತಟ್ಟೆ ಸರಿಸಿ ಎದ್ದಳು. ಅವಳ ಮನೆಗೆ ಹೋಗಿ ಬರೋವರೆಗೂ ನನ್ನನ್ನ ಮಾತಾಡಿಸಬೇಡ ಅಂದಳು. ಮನೆಯಲ್ಲಿ ಇನ್ನೊಬ್ಬರು ಮಾತು ಬಿಟ್ಟರೆ ನಾನು ಬದುಕಲಾರೆ.

ಗುರುವಾರ ಅಂಗಡಿ ತೆರೆಯಲಿಲ್ಲ. ಯಾರಿಗೆಲ್ಲ ಗುಂಗುರಿಯ ಬಗ್ಗೆ ಹೇಳಿದ್ದೆನೋ ಆ ನಾಲ್ಕೂ ಅಂಗಡಿಗೆ ಹೋಗಿ, ಗಿರಾಕಿಗಳು ಕೂತಿರುವಾಗಲೇ, ತಪ್ಪು ನನ್ನದು, ಅವಳ ಕೈ ಮತ್ತು ಬಾಯಿ ಎರಡೂ ಶುದ್ಧ ಎಂದು ಹೇಳಿದೆ. ಒಬ್ಬಳು ನಕ್ಕಳು. ನಗಲಿ.

ಆಮೇಲೆ ಗುಂಗುರಿಯನ್ನು ಹುಡುಕಿದೆ. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದ್ದಾಳೆ. ಕತ್ತರಿ ಹಿಡಿಯುವ ಬೆರಳುಗಳ ಮೇಲೆ ಎರಡು ಸುಟ್ಟ ಬೊಬ್ಬೆ. ಅವಳ ಮುಂದೆ ನಿಂತು ಕ್ಷಮಿಸು ಅಂದೆ. ಅಂಗಡಿಯ ಬಾಗಿಲಲ್ಲಿ ನನ್ನ ಹೆಸರಿನ ಪಕ್ಕ ನಿನ್ನ ಹೆಸರನ್ನೂ ಬರೆಸುತ್ತೇನೆ, ವಾಪಸ್ ಬಾ ಅಂದೆ. ಯೋಚಿಸಿ ಹೇಳ್ತೀನಿ ಅಕ್ಕ ಅಂದಳು. ಮೊದಲಾದರೆ ಈ 'ಯೋಚಿಸಿ'ಯ ಹಿಂದೆ ಏನಿದೆಯೋ ಎಂದು ಹುಡುಕುತ್ತಿದ್ದೆ. ಈಗ ಕಾಯುತ್ತಿದ್ದೇನೆ. ಅವಳು ಬರದಿದ್ದರೆ ಅದು ನನಗೆ ತಕ್ಕ ಶಾಸ್ತಿ. ನಿನ್ನಲ್ಲಿಗೆ ಬಂದರೆ ಕಿಟಕಿಯ ಪಕ್ಕದ ಕುರ್ಚಿ ಕೊಡು, ಅವಳಿಗೆ ಬೆಳಕು ಬೇಕು.

ಕೈಚೀಲದ ವಿಷಯ ನೀನು ಬರೆದದ್ದು ನಿಜ. ಕತ್ತರಿ ನೋಡಿದ್ದೆ. ನೋಡಿಯೂ ಬಾಯಿ ಬಿಡಲಿಲ್ಲ. ಅದಕ್ಕೆ ಈಗ ಏನು ಬರೆದರೂ ಸಾಲದು, ತಪ್ಪಾಯಿತು ಕಣೇ.

ಇಂತಿ,
ನಿನ್ನ ಅನುಮಾನದ ಅಕ್ಕ

ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆಯಲು ಕೈ ಬರದ ಮಾತೊಂದಿದೆ. ಗುಂಗುರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತಂತೆ. ಬುಧವಾರ ಮಧ್ಯಾಹ್ನದ ಮೇಲೆ ಅವಳಿಗೆ ರಜೆ, ಅವಳೂ ಅದೇ ಬಸ್ಸಿನವಳು. ಅಮ್ಮ ನಿನ್ನ ಮೆಟ್ಟಿಲು ಹತ್ತುವುದನ್ನು ಮಳೆಗಾಲದಲ್ಲೇ ನೋಡಿದ್ದಳಂತೆ. ಹಾಗಾದರೆ ಆ ಶನಿವಾರ ನಾನು ಅಷ್ಟೆಲ್ಲ ಅಂದಾಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಹೇಳಿದ್ರೆ ಆಮೇಲೆ ನೀವು ಅಮ್ಮನ್ನ ಅಲ್ಲಿಗೆ ಹೋಗೋಕೆ ಬಿಡ್ತಿದ್ರಾ ಅಂತ ಕೇಳಿದಳು, ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡದೆ. ಅವಳು ಇಸ್ತ್ರಿ ಮಾಡಿಟ್ಟ ಅಂಗಿಯೊಂದನ್ನು ಮಡಿಸಿಟ್ಟು ಬಂದೆ. ನಿನಗೆ ಹೇಳುತ್ತೇನೆ: ಬಿಡುತ್ತಿರಲಿಲ್ಲ.