ಎಂಬತ್ತೆಂಟು ಬಂದ, ಪಾಸ್ ಕಣ್ರೋ!

ಸೆಪ್ಟೆಂಬರ್ 9, ಸೋಮವಾರ, ಬೆಳಿಗ್ಗೆ 7

ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಅಭ್ಯಾಸ. ಎದುರಾಳಿಯನ್ನು ತಡೆಯುವುದನ್ನು ಕಲಿಯಲು ಮತ್ತೆ ಅದೇ ಕಬ್ಬಿಣದ ಬಂಡಿ ತಳ್ಳಾಟ. ಇಪ್ಪತ್ತು ಸಲ. ಭುಜ ಉರಿಯುತ್ತಿದೆ. ಶನಿವಾರ ಏಳು ಕ್ಯಾಚ್, ಎರಡು ಟಚ್‌ಡೌನ್... ಅದರ ಬಗ್ಗೆ ಕೋಚ್ ಹ್ರೂಸ್ಕಾ ಬಾಯಲ್ಲಿ ಒಂದು ಮಾತಿಲ್ಲ.

"ಕೋಚ್, ನಾನು ಟೈಟ್ ಎಂಡ್. ಎಸೆದ ಚೆಂಡು ಹಿಡಿಯೋದು ನನ್ನ ಕೆಲಸ. ಅಡ್ಡ ನಿಂತು ಬ್ಲಾಕ್ ಮಾಡೋಕೆ ಐದು ಜನ ದಾಂಡಿಗರಿದ್ದಾರಲ್ಲ?"

"ಆರನೇ ದಾಂಡಿಗ ನೀನು. ಅರ್ಧ ಬೇಲಿ ಹಾಕಿದ್ರೆ ದನ ನಿಲ್ಲುತ್ತೇನಯ್ಯ? ಇನ್ನೂ ಹತ್ತು ಸಲ ತಳ್ಳು."

ನವೆಂಬರಿನಲ್ಲಿ ವೃತ್ತಿಪರ ತಂಡದವರು ನನ್ನ ಆಟ ನೋಡಿ ಆರಿಸಲು ಇಲ್ಲಿಗೆ, ನೆಬ್ರಾಸ್ಕಕ್ಕೆ ಬರುತ್ತಾರೆ. ನಾನು ಬಂಡಿ ತಳ್ಳುವುದನ್ನು ನೋಡಲಿಕ್ಕಲ್ಲ.

ಸೆಪ್ಟೆಂಬರ್ 22, ಭಾನುವಾರ

ನಿನ್ನೆ ಸೋತೆವು. ನಾನು ಮೈದಾನಕ್ಕೆ ಇಳಿದಾಗಲೆಲ್ಲ ಎದುರು ತಂಡದ ಗಡ್ಡದವನ ಕೂಗು: "ಎಂಬತ್ತೆಂಟು ಬಂದ! ಪಾಸ್ ಕಣ್ರೋ, ಪಾಸ್!" ಎಂಬತ್ತೆಂಟು ನನ್ನ ಜೆರ್ಸಿ ನಂಬರು; ನಾನಿದ್ದರೆ ಚೆಂಡು ಎಸೆಯುತ್ತಾರೆ ಎಂದರ್ಥ. ಅಡ್ಡ ನಿಲ್ಲಲು ಬಾರದ ನನ್ನನ್ನು ಓಟದ ಆಟಕ್ಕೆ ಹೊರಗೆ ಕಳಿಸಿದರೆ, "ಹೋದ! ಈಗ ಓಡ್ತಾರೆ ನೋಡಿ!" ಪ್ರತಿ ಸಲವೂ ಸರಿಯಾಗಿಯೇ ಹೇಳಿದ. ನಮ್ಮ ಗುಟ್ಟನ್ನೆಲ್ಲ ನಾನೇ ಬೆನ್ನಿಗೆ ಅಂಟಿಸಿಕೊಂಡು ಓಡಾಡಿದ ಹಾಗಾಯಿತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಏಮಸ್ — ನನ್ನ ರೂಮ್‌ಮೇಟ್, ಚೆಂಡು ಹಿಡಿದು ನುಗ್ಗುವ ತಂಡದ ಓಟಗಾರ — ದಾಲ್ಚಿನ್ನಿ ರೋಲನ್ನು ಚಿಲ್ಲಿ ಎಂಬ ಮಾಂಸದ ಖಾರ ಗೊಜ್ಜಿನಲ್ಲಿ ಅದ್ದುತ್ತ ಹೇಳಿದ: "ಥೇನ್, ನೀನು ಎದುರಿನವನನ್ನ ಕೆಡವೋದೇನೂ ಬೇಡ. ಒಂದು ಉಸಿರಿನಷ್ಟು ಹೊತ್ತು ಅಡ್ಡ ನಿಂತ್ಕೋ. ನಾನು ದಾಟ್ಕೋತೀನಿ."

"ನಿಲ್ತೀನಿ ಬಿಡೋ" ಎಂದೆ. ಏನೋ ಬಾಯಿಮಾತಿಗೆ.

ಅಕ್ಟೋಬರ್ 5, ಶನಿವಾರ, ಸಂಜೆ

ಮೂರನೇ ಕ್ವಾರ್ಟರ್. ಎದುರಾಳಿಗಳನ್ನು ಏಮಾರಿಸಲು ಕೋಚ್ ನನ್ನನ್ನು ಮೈದಾನಕ್ಕೆ ಇಳಿಸಿ, ಪಾಸ್ ಬದಲು ಓಟದ ಆಟ ಹೇಳಿದರು. ನನ್ನ ಎದುರಿನವನು ಮುನ್ನುಗ್ಗಿದ. ಮುಟ್ಟಿದೆ, ಅಷ್ಟೇ. ಭುಜ ತಗ್ಗಿಸಲಿಲ್ಲ. ಕಣ್ಣು ಚೆಂಡಿನ ಕಡೆಗಿತ್ತು. ಬಾಗಿಲ ಪರದೆ ಸರಿಸುವಂತೆ ನನ್ನನ್ನು ಸರಿಸಿ, ಚೆಂಡು ಹಿಡಿದು ಬರುತ್ತಿದ್ದ ಏಮಸ್‌ನ ಮೇಲೆರಗಿದ.

ಹಿಂದೆ ಏಮಸ್‌ನ ಚೀರಾಟ. ಮೊಣಕಾಲು.

ಅಕ್ಟೋಬರ್ 6

ಇಲ್ಲ. ಬರೆಯಲಾಗುತ್ತಿಲ್ಲ.

ಅಕ್ಟೋಬರ್ 23, ಬುಧವಾರ

ಆಪರೇಷನ್ ಆಗಿ ಎರಡು ವಾರ. ಏಮಸ್ ಊರುಗೋಲಿನಲ್ಲಿ ಅಭ್ಯಾಸಕ್ಕೆ ಬಂದ. ಬಕೆಟ್ ಬೋರಲು ಹಾಕಿ ಬಂಡಿಯ ಪಕ್ಕ ಕುಳಿತ.

"ಬೈಯೋ ಒಂದ್ಸಲ" ಎಂದೆ.

"ಬೈದ್ರೆ ನಿನಗೆ ಹಗುರ ಆಗುತ್ತೆ. ಅದಕ್ಕೇ ಬೈಯಲ್ಲ. ಸೊಂಟ ಬಗ್ಗಿಸು. ಇನ್ನೂ. ಆ ಕಡೆ ಏನ್ ನೋಡ್ತೀಯ? ಚೆಂಡು ನಿನಗೆ ಬರಲ್ಲ."

ನಲವತ್ತು ಸಲ ತಳ್ಳಿಸಿದ. ಸಿಟ್ಟು ಬಂತು — ಕುಂಟುವವನ ಮೇಲೆ! ಥೂ.

ನವೆಂಬರ್ 10, ಭಾನುವಾರ, ಬೆಳಿಗ್ಗೆ 10

ನಿನ್ನೆ ಗೆದ್ದೆವು. ನನ್ನದು ಸೊನ್ನೆ ಕ್ಯಾಚ್. ಸೊನ್ನೆ! ಕೊನೆಗೆ ಗೆಲುವಿನ ಗೆರೆಗೆ ಎರಡೇ ಗಜ ಬೇಕಿತ್ತು. ಚೆಂಡು ನನಗೇ ಎಂದುಕೊಂಡೆ. ಕೋಚ್ ಓಟವನ್ನೇ ಹೇಳಿದರು, ಅದೂ ನನ್ನ ಪಕ್ಕದಿಂದ. ಭುಜ ತಗ್ಗಿಸಿದೆ. ಎದುರಿನವನು ನನ್ನಡಿ ಬಿದ್ದ. ಬದಲಿ ಓಟಗಾರ ಲಾನಿ ನನ್ನನ್ನು ಸವರಿಕೊಂಡೇ ಗೆರೆ ದಾಟಿದ. ಮೈಕಿನಲ್ಲಿ ಮೂರು ಸಲ ಲಾನಿ, ಲಾನಿ, ಲಾನಿ.

ನನ್ನನ್ನು ನೋಡಲು ಬಂದಿದ್ದ ವೃತ್ತಿಪರ ತಂಡದವನು ಅರ್ಧ ಆಟಕ್ಕೇ ಎದ್ದು ಹೋದನಂತೆ. ಈಗಷ್ಟೇ ಅಪ್ಪನ ಫೋನ್: "ಒಂದೂ ಹಿಡೀಲಿಲ್ವಂತೆ? ಕೈಗೇನಾದ್ರೂ ಆಯ್ತಾ?" ಏನಂತ ಹೇಳಲಿ? ಕೈ ಚೆನ್ನಾಗಿಯೇ ಇದೆ ಎಂದೆ.

ಏಮಸ್ ಪಕ್ಕದ ಮಂಚದಲ್ಲಿ, ಕಾಲು ದಿಂಬಿನ ಮೇಲೆ. ಫೋನಿನಲ್ಲಿ ಆ ಎರಡು ಗಜದ ಆಟವನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ. ಲಾನಿ ಗೆರೆ ದಾಟುವ ಮೊದಲೇ ನಿಲ್ಲಿಸುತ್ತಾನೆ. ನನ್ನನ್ನು ದೊಡ್ಡದು ಮಾಡಿ ನೋಡುತ್ತಾನೆ. ಈಗ ಮೊಣಕಾಲಿನ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು —

ಅವನು ಅಳುತ್ತಿದ್ದಾನೆ. ಅವನು ಕೇಳಿದ್ದ ಆ ಒಂದು ಉಸಿರಿನಷ್ಟು ಹೊತ್ತು ನಾನು ಅಡ್ಡ ನಿಂತದ್ದು ಲಾನಿಗಾಗಿ.