ಮೂರೂಮುಕ್ಕಾಲು ಅಡಿ

ಜಾದವ್‌ಪುರ, ಕೋಲ್ಕತ್ತ
೧೬ ನವೆಂಬರ್ ೨೦೨೩, ಗುರುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುತ್ತೀಯೆಂದು ವಂದನಾ ಅತ್ತಿಗೆ ಚಾಡಿ ಹೇಳಿದ್ದಾಳೆ. ಎರಡು ಇಡ್ಲಿಯಾದರೂ ತಿಂದು ನುಂಗು. ನಾವು ಮೂವರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ. ಸುಮಂತ ಯೂನಿವರ್ಸಿಟಿಯ ಲ್ಯಾಬಿಗೆ ಹೋಗಿದ್ದಾರೆ, ಹಂಸಾ ಮಲಗಿದ್ದಾಳೆ, ನಾನು ಸರಿಯಾಗಿ ಮಲಗಿ ನಾಲ್ಕು ದಿನವಾಯಿತು. ಕಾಳಿಪೂಜೆಯ ದಿನ ಬೀದಿಯಲ್ಲಿ ಹೊಡೆದ ಪಟಾಕಿಗೆ ನಮ್ಮ ಕಿಟಕಿಯ ಗಾಜು ಅದುರಿತು, ಎದುರು ಮನೆಯ ನಾಯಿ ಮೆಟ್ಟಿಲ ಕೆಳಗೆ ಅವಿತುಕೊಂಡಿತು, ನಿನ್ನ ಹನ್ನೊಂದು ತಿಂಗಳ ಮೊಮ್ಮಗಳು ಮಾತ್ರ ರೆಪ್ಪೆ ಅಲುಗಿಸದೆ ನಿದ್ದೆ ಮಾಡಿದಳು. ಎಲ್ಲರೂ ಎಂಥ ಸಾಧು ಮಗು ಅಂದರು. ನಾನು ಮರುದಿನವೇ ಡಾಕ್ಟರ ಹತ್ತಿರ ಓಡಿದೆ. ಡಿಸೆಂಬರ್ ಒಂದಕ್ಕೆ ಕಿವಿಯ ಪರೀಕ್ಷೆ ಇಟ್ಟಿದ್ದಾರೆ. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಕಿವಿ ಮಂದವಾದವರು ಇದ್ದಾರೆಯೇ ಎಂದು ಕೇಳಿದರು. ಯಾರೂ ಇಲ್ಲ, ಅಪ್ಪನಿಗೆ ಐವತ್ತೈದರಲ್ಲಿ ಜ್ವರ ಬಂದು ಹಾಗಾಯಿತು ಅಂದೆ. ನೀನು ನಮಗೆಲ್ಲ ಹೇಳಿದ್ದನ್ನೇ ನಾನೂ ಹೇಳಿದೆ.

ಅದಿರಲಿ, ಮೊದಲು ಆಂಟೆನಾದ ಜಗಳ ಮುಗಿಸಿಬಿಡುತ್ತೇನೆ. ಬೀದಿಕಂಬದ ಗೋಜಲು ತಂತಿಗಳನ್ನು ಕತ್ತರಿಸಿದಾಗ ನಮ್ಮ ಕೇಬಲ್ಲೂ ಹೋಯಿತು, ಹೊಸದು ಎಳೆಯಬೇಕಾದವನು ಹದಿನೈದು ದಿನದಿಂದ ನಾಳೆ ನಾಳೆ ಅನ್ನುತ್ತಿದ್ದಾನೆ ಎಂದು ಕಳೆದ ತಿಂಗಳು ಬರೆದಿದ್ದೆನಲ್ಲ, ಅದಕ್ಕೆ ನೀನು ಏನು ಉತ್ತರ ಬರೆದೆ, ನೆನಪಿದೆಯೇ? "ಟೀವಿ ಟವರ್ ಕಣ್ಣಿಗೆ ಕಾಣೋ ಮನೇಲಿ ಕೂತು ಕೇಬಲ್ಲಿಗೆ ಕಾಯ್ತೀಯಾ? ಇಡೀ ಶಿರಾಕ್ಕೆ ಆಂಟೆನಾ ಕಟ್ಟಿದವನ ಮಗಳು ನೀನು!" ಜೊತೆಗೆ ಚಿತ್ರ, ಬಾಣದ ಗುರುತು, ಅಳತೆ. ಗಾಲ್ಫ್ ಗ್ರೀನ್‌ನ ಗೋಪುರ ನಮ್ಮ ಛಾದಿನಿಂದ (ಇಲ್ಲಿ ತಾರಸಿಗೆ ಹಾಗನ್ನುತ್ತಾರೆ) ಕಾಣುತ್ತದೆಂದು ನಾನೇ ಬರೆದಿದ್ದೆ, ನನ್ನ ತಪ್ಪು. ನಿನ್ನ ಮಾತು ಕೇಳಿ ಹಾಲ್‌ನ ಪರದೆ ಸರಳುಗಳನ್ನು ಬಿಚ್ಚಿದೆ. ಆಂಟೆನಾದ ಒಂದೊಂದು ಕೈಗೆ ಮೂರೂಮುಕ್ಕಾಲು ಅಡಿ, ನಡುವೆ ಬೆರಳಗಲ ಸಂದು, ಒಂದಕ್ಕೆ ವಯರಿನ ತಿರುಳು, ಇನ್ನೊಂದಕ್ಕೆ ಮೇಲಿನ ಜಾಲರಿ. ನೆಲ ಒರೆಸುವ ಕೋಲೇ ಕಂಬ. ಮೂರು ಸಲ ಮಾಳಿಗೆ ಹತ್ತಿ ಇಳಿದೆ. ಒಂದು ಚಾನೆಲ್ಲೂ ಇಲ್ಲ! ಪರದೆಯಿಲ್ಲದ ಕಿಟಕಿಯಲ್ಲಿ ಇಡೀ ಬೀದಿಗೆ ನಮ್ಮ ಸಂಸಾರವೇ ಟೀವಿಯಾಯಿತು. ಸುಮಂತ ಮಹಾಶಯರು ಸೋಫಾ ಬಿಟ್ಟು ಏಳದೆ, "ಮಾವನೋರ ಕಾಲ ಮುಗೀತು ಬಿಡೇ" ಅಂದರು. ಅವರ ಜೊತೆ ಒಂದು ದಿನ ಮಾತು ಬಿಟ್ಟೆ.

ಆಮೇಲೆ ನಾನೇ ಕೂತು ಓದಿದೆ. ನೀನು ಕೊಟ್ಟಿದ್ದು ನಮ್ಮೂರಿಗೆ ಬರುತ್ತಿದ್ದ ಹಳೆಯ ಚಾನೆಲ್ಲಿನ ಅಳತೆ ಅಪ್ಪಾ! ಈಗ ಗೋಪುರದಿಂದ ಬರುವುದು ಡಿಜಿಟಲ್, ಅದರ ಅಲೆ ಗಿಡ್ಡ. ಆರಂಗುಲದ ಎರಡು ತುಂಡು ಸಾಕು. ಟೀವಿಯೊಳಗೆ ಅದಕ್ಕೆ ಬೇಕಾದದ್ದೆಲ್ಲ ಮೊದಲೇ ಇದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಾರದೇ? ಕೇಳಿದ್ದಕ್ಕೆಲ್ಲ ಒಂದು ಗಟ್ಟಿ ಉತ್ತರ ಕೊಡಲೇಬೇಕೆಂಬ ನಿನ್ನ ಹಟ ಯಾವಾಗ ಹೋಗುತ್ತದೆ? ಒಳ್ಳೆಯ ಸರಳುಗಳು ತುಂಡಾದವು.

ನಿನ್ನೆ ಸಣ್ಣ ಆಂಟೆನಾ ಹಿಡಿದು ಮತ್ತೆ ಹತ್ತಿದೆ. ಕೆಳಮನೆಯ ಮಾಶಿಮಾ (ಇಲ್ಲಿ ಚಿಕ್ಕಮ್ಮನಂಥವರನ್ನು ಹಾಗೆ ಕರೆಯುತ್ತಾರೆ) ಹಂಸಾಳನ್ನು ಸೊಂಟಕ್ಕೇರಿಸಿಕೊಂಡು ನಮ್ಮ ಟೀವಿ ಮುಂದೆ ನಿಂತರು. ಅವರಿಗೆ ಎಪ್ಪತ್ತೆರಡು ವಯಸ್ಸು, ಮಾಡಿದ್ದು ಎಂಟು ವರ್ಷದವಳಾಗಿದ್ದಾಗ ನಿನ್ನ ಜೊತೆ ಬಂದು ನಾನು ಮಾಡುತ್ತಿದ್ದ ಕೆಲಸ! ಕೋಲನ್ನು ಗೋಪುರದ ಕಡೆ ಒಂದಿಷ್ಟು ತಿರುಗಿಸಿದೆನೋ ಇಲ್ಲವೋ, ಮೂರು ಮಹಡಿ ಕೆಳಗಿನಿಂದ "ಎಶೆ ಗೆಛೆ! ಎಶೆ ಗೆಛೆ ರೇ!" ಬಂತು ಕಣೇ, ಬಂತು, ಅಂತ. ಆಟೋಗಳ ಹಾರ್ನು, ಸ್ಟೇಷನ್ನಿನ ಕಡೆಯಿಂದ ಲೋಕಲ್ ರೈಲಿನ ಸದ್ದು, ಎಲ್ಲದರ ನಡುವೆ ಆ ಮುದುಕಿಯ ದನಿ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿಸಿತು. ಖುಷಿಯಿಂದ ಕುಣಿಯಬೇಕಾಗಿತ್ತು. ನಾನು ನೀರಿನ ಟ್ಯಾಂಕಿಗೆ ಒರಗಿ ಕೂತುಬಿಟ್ಟೆ.

ಯಾಕೆಂದರೆ ನಿನ್ನ ಜೊತೆ ಬಂದ ಮನೆಗಳಲ್ಲಿ ನಾನು ಯಾವತ್ತೂ ಕೂಗಲಿಲ್ಲ ಅಪ್ಪಾ. ಊರಿನ ಬೇರೆ ಮೆಕ್ಯಾನಿಕ್ಕುಗಳೆಲ್ಲ ಸೂರಿನ ಮೇಲಿಂದ "ಬಂತಾ? ಈಗ? ಈಗ?" ಎಂದು ಅರಚುತ್ತಿದ್ದರು. ನೀನು ಮಾತ್ರ ನನ್ನ ಕೈಗೆ ಕೆಂಪು ಟವೆಲ್ ಕೊಡುತ್ತಿದ್ದೆ. "ಕೂಗಬೇಡ ಮಗಾ, ಮರ್ಯಾದಸ್ಥರ ಮನೆ. ಚಿತ್ರ ಬಂದ್ರೆ ಕಿಟಕೀಲಿ ಟವೆಲ್ ಬೀಸು." ಎಷ್ಟು ಘನಸ್ಥ ಮನುಷ್ಯ ಎಂದು ಊರೆಲ್ಲ ಹೊಗಳಿತು. ನಾನು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡೆ. ಅದು ಬರೀ ಒಂದಂತಸ್ತಿನ ಮನೆಗಳ ಊರು. ಕೂಗಿದ್ದರೆ ಪಕ್ಕದ ಬೀದಿಗೂ ಕೇಳಿಸುತ್ತಿತ್ತು. ಆಗ ನಿನಗಿನ್ನೂ ನಲವತ್ತು ದಾಟಿರಲಿಲ್ಲ. ಯಾವ ಜ್ವರವೂ ಬಂದಿರಲಿಲ್ಲ.

ಕೆಳಗಿಳಿದು ಬಂದಾಗ ಟೀವಿಯಲ್ಲಿ ಒಬ್ಬಾಕೆ ಬಂಗಾಳಿಯಲ್ಲಿ ಹವಾಮಾನ ಹೇಳುತ್ತಿದ್ದಳು. ಹಂಸಾ ಅತ್ತ ತಿರುಗಿ ನಗುತ್ತಿದ್ದಳು. ಬೆಳಕಿಗೆ ತಿರುಗಿದಳೋ ಮಾತಿಗೆ ತಿರುಗಿದಳೋ, ಯಾರು ಹೇಳಬೇಕು?

ಮಂಡಿಗೆ ಎಣ್ಣೆ ಹಚ್ಚಿಸಿಕೋ. ಪ್ರಾಣೇಶಣ್ಣನಿಗೂ ಅತ್ತಿಗೆಗೂ ಕೇಳಿದೆನೆಂದು ಹೇಳು. ಸಿಟ್ಟು ಇಳಿದಿಲ್ಲ, ಇಳಿಯದೆಯೇ ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಮಗಳು,
ಅಪೂರ್ವ

ಲಕೋಟೆ ಅಂಟಿಸಿದ್ದೆ, ಮತ್ತೆ ಕಿತ್ತೆ. ಮಗು ಎದ್ದಿದೆ, ಬೇಗ ಬರೆಯುತ್ತೇನೆ. ನಿನಗೆ ಯಾವ ವಯಸ್ಸಿನಿಂದ ಕಿವಿ ಕೇಳಿಸುತ್ತಿಲ್ಲ? ಅತ್ತಿಗೆಯ ಮೊಬೈಲಿನಿಂದ ಉತ್ತರ ಬೇಡ, ಅಲ್ಲಿ ಮನೆಯವರೆಲ್ಲ ಓದುತ್ತಾರೆ, ನೀನು ಮತ್ತೆ ಜ್ವರದ ಕಥೆ ಹೇಳುತ್ತೀಯ. ಸ್ಪೀಡ್ ಪೋಸ್ಟಿನಲ್ಲಿ ಒಂದು ಕಾರ್ಡು ಹಾಕಿದ ಲಕೋಟೆ ಕಳಿಸು, ಡಿಸೆಂಬರ್ ಒಂದರೊಳಗೆ ನನ್ನ ಕೈ ಸೇರಬೇಕು. ಕಾರಣ ಬೇಡ, ಸಮಜಾಯಿಷಿ ಬೇಡ, ನಾನು ಯಾರಿಗೂ ಹೇಳುವುದಿಲ್ಲ, ಡಾಕ್ಟರಿಗೆ ಮಾತ್ರ. ಒಂದೇ ಒಂದು ಅಂಕಿ ಬರೆ. ಈ ಸಲ ಅಳತೆ ತಪ್ಪಬಾರದು ಅಪ್ಪಾ.