ಸೋಮವಾರದ ವರಾಂಡ ನಿಮ್ಮ ಕಡತದಲ್ಲಿ ಏಕಿಲ್ಲ?

ಶಾಲಾ ಆಪ್ತಸಮಾಲೋಚನೆಯ ಹೊಣೆ ಹೊತ್ತಿರುವ ಶಿಕ್ಷಣಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಮಗಳ ಪರೀಕ್ಷಾಭಯವನ್ನು ಕೇಳಿ ತಿಳಿಯಲು ಬಂದ ನಿಮ್ಮ ಕೌನ್ಸೆಲರ್, ಅದೇ ಭಯವನ್ನು ಕಾಗದಕ್ಕಿಳಿಸಿ ಅವಳನ್ನು ಶಾಲೆಯಿಂದ ಹೊರಗೆ ಕಳಿಸಲು ದಾರಿ ಮಾಡಿಕೊಟ್ಟಿದ್ದಾರೆ. ಇದು ನನ್ನ ದೂರು. ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮನ್ನಿಸಿ. ನಾನು ಹುಟ್ಟಿ ಹತ್ತನೆಯ ತರಗತಿಯವರೆಗೆ ಓದಿದ್ದು ಗಡಿಯಾಚೆ, ಕನಕಪುರದ ಕಡೆ. ಮದುವೆಯಾಗಿ ಮಾರಂಡಹಳ್ಳಿ ಪಕ್ಕದ ಊರಿಗೆ ಬಂದು ಹದಿನೆಂಟು ವರ್ಷವಾಯಿತು. ತಮಿಳು ನಾಲಿಗೆಗೆ ಬಂತು, ಕೈಗೆ ಬರಲಿಲ್ಲ. ತಮಗೆ ಕನ್ನಡ ಓದಲು ಬಾರದಿದ್ದರೆ ಯಾರಿಂದಲಾದರೂ ಓದಿಸಿಕೊಳ್ಳಿ. ಇಂಗ್ಲಿಷಿನಲ್ಲಿದ್ದ ನಿಮ್ಮ ಕಡತವನ್ನು ನಾನೂ ಕಾರಿಮಂಗಲಂನ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಮೈದುನ ಗೋವಿಂದರಾಜ್‌ನ ಕೈಲಿ ಓದಿಸಿಕೊಂಡೆ.

ಮಗಳ ಹೆಸರು ಭುವನಾ, ಹತ್ತನೆಯ ತರಗತಿ. ಹೆಸರು ಹಾಕಬೇಡ ಎಂದು ಅವಳ ಅಪ್ಪ ಸಣ್ಣಯ್ಯ ಹೇಳಿದ. ನಾನು ಅವಳನ್ನೇ ಕೇಳಿದೆ, ಹಾಕು ಎಂದಳು. ಕೇಳಿ ಬರೆಯುವುದು ಎಂಬ ಒಂದು ಪದ್ಧತಿ ಉಂಟು ಎಂದು ನಿಮ್ಮ ಇಲಾಖೆಗೂ ಗೊತ್ತಾಗಲಿ ಎಂದೇ ಇದನ್ನು ಹೇಳುತ್ತಿದ್ದೇನೆ.

ನಡೆದದ್ದು ಇಷ್ಟು. ಪ್ರತಿ ಸೋಮವಾರ ಅವಳ ಶಾಲೆಯಲ್ಲಿ ಕಿರುಪರೀಕ್ಷೆಯ ಅಂಕಗಳನ್ನು ಎಲ್ಲರೆದುರು ಓದುತ್ತಾರೆ, ಅದೂ ಕೆಳಗಿನಿಂದ ಮೇಲಕ್ಕೆ. ಮೂವತ್ತೈದಕ್ಕಿಂತ ಕಡಿಮೆ ಬಂದವರು ಮಧ್ಯಾಹ್ನದವರೆಗೆ ವರಾಂಡದಲ್ಲಿ ನಿಲ್ಲಬೇಕು. ಆರನೆಯ ತರಗತಿಯ ಪಿಳ್ಳೆಗಳೂ ಅವರನ್ನು ನೋಡಿಕೊಂಡು, ನಕ್ಕುಕೊಂಡು ನೀರಿಗೆ ಹೋಗುತ್ತವೆ. ಭುವನಾ ನಾಲ್ಕು ಸೋಮವಾರ ನಿಂತಳು. ಐದನೆಯ ಸೋಮವಾರ ಬಸ್ ಸ್ಟಾಪಿನಲ್ಲೇ ವಾಂತಿ ಮಾಡಿಕೊಂಡಳು. ಆಮೇಲೆ ಪ್ರಶ್ನೆಪತ್ರಿಕೆ ಕಂಡರೆ ಸಾಕು, ಕೈ ತಣ್ಣಗಾಗಿ, ರಾತ್ರಿ ಗಡಗಡ ಒಪ್ಪಿಸಿದ್ದೆಲ್ಲ ಮರೆತುಹೋಗುತ್ತಿತ್ತು. ಅರ್ಧವಾರ್ಷಿಕದಲ್ಲಿ ಎರಡು ವಿಷಯ ಹೋದವು. ಆಗ ತಿಂಗಳಿಗೊಮ್ಮೆ ಬರುವ ಕೌನ್ಸೆಲರ್ ಮೇಡಂ ಅವಳನ್ನು ಕರೆದು, "ನೀನು ಹೇಳಿದ್ದು ಈ ರೂಮು ದಾಟಲ್ಲ ಕಣಮ್ಮಾ" ಎಂದು ತಮಿಳಿನಲ್ಲಿ ಭರವಸೆ ಕೊಟ್ಟರಂತೆ. ಹುಡುಗಿ ನಂಬಿ ಎಲ್ಲ ಹೇಳಿಕೊಂಡಳು. ಎಲ್ಲ ಸೇರಿ ಹನ್ನೆರಡು ನಿಮಿಷ.

ವಾರದೊಳಗೆ ಆ ಮಾತು ರೂಮು ದಾಟಿ ಹೆಡ್‌ಮಾಸ್ತರರ ಮೇಜಿನ ಮೇಲೆ ಕೂತಿತ್ತು. ನನ್ನನ್ನು ಕರೆಸಿದರು, ಕುರ್ಚಿ ಕೊಟ್ಟರು, ಟೀ ತರಿಸಿದರು. ನಮ್ಮಂಥವರಿಗೆ ಶಾಲೆಯಲ್ಲಿ ಟೀ ಕೊಟ್ಟಾಗಲೇ ಅನುಮಾನ ಪಡಬೇಕಿತ್ತು, ನಾನು ಕುಡಿದುಬಿಟ್ಟೆ. "ಮಗುವಿನ ಆರೋಗ್ಯ ಮುಖ್ಯ ಅಮ್ಮಾ, ಮಾರ್ಕು ಏನು ದೊಡ್ಡದು?" ಎಂದರು. ವರ್ಷವಿಡೀ ಮಾರ್ಕು ಕೂಗಿಸಿದವರ ಬಾಯಲ್ಲಿ ಈ ಮಾತು! ಈ ವರ್ಷ ಪರೀಕ್ಷೆ ಬೇಡ, ಟಿ.ಸಿ. ತೆಗೆದುಕೊಳ್ಳಿ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಸಿ, ಇದು ಕೌನ್ಸೆಲರ್ ಸಲಹೆ ಎಂದರು. ಕೊನೆಗೆ ಮೇಡಂ ಇಂಗ್ಲಿಷಿನಲ್ಲಿ ಬರೆದ ಕಾಗದ ನೂಕಿ, "ಕೈಯೆಳುತ್ತು ಪೋಡುಂಗಮ್ಮಾ, ಒಣ್ಣುಂ ಇಲ್ಲೆ" ಎಂದರು. ಏನೂ ಇಲ್ಲ ಎಂದ ಮೇಲೆ ರುಜು ಯಾತಕ್ಕೆ ಎಂದು ಕೇಳಿ, ಹಾಕದೆ, ಫೋನಿನಲ್ಲಿ ಫೋಟೋ ಹೊಡೆದುಕೊಂಡು ಎದ್ದುಬಂದೆ.

ಆ ಕಾಗದದಲ್ಲಿ ಏನಿತ್ತು ಗೊತ್ತೇ? ಭಯಕ್ಕೆ ಕಾರಣ: ಮನೆಗೆಲಸ, ಕುರಿ ಮೇಯಿಸುವುದು, ಮನೆಮಾತು ಬೇರೆ. ಲಕ್ಷಣ: ಒಬ್ಬಳೇ ಮಾತಾಡುತ್ತಾಳೆ, ಪ್ರಾಣಿಗಳೊಂದಿಗೆ ಮಾತಾಡುತ್ತಾಳೆ. ವರಾಂಡದ ಬಗ್ಗೆ ಒಂದಕ್ಷರವಿಲ್ಲ. ಸೋಮವಾರ ಎಂಬ ದಿನವೇ ಇಲ್ಲ. ಪ್ರಾಣಿಗಳೊಂದಿಗೆ ಮಾತು ಎಂದರೆ ಏನು, ಕೇಳಿ. ನಮ್ಮದು ಎರಡು ಕೋಣೆಯ ಮನೆ, ಟಿ.ವಿ. ಗದ್ದಲ. ಶನಿವಾರ ಭಾನುವಾರ ಭುವನಾ ಅಪ್ಪನ ಜೊತೆ ಕುರಿ ಹೊಡೆದುಕೊಂಡು ಹೋಗಿ, ಬಂಡೆಯ ಮೇಲೆ ಕೂತು ಸಮಾಜ, ವಿಜ್ಞಾನವೆಲ್ಲ ಕುರಿಗಳಿಗೆ ಪಾಠ ಹೇಳುತ್ತಾಳೆ. ತಲೆಯಾಡಿಸದ ಕುರಿಗೆ ಎರಡನೆಯ ಸಲ ಹೇಳುತ್ತಾಳೆ. ಅವಳಿಗೆ ಪಾಠ ತಲೆಯಲ್ಲಿ ನಿಂತದ್ದೇ ಹಾಗೆ. ಇದನ್ನು ಮೇಡಂ ನಗುತ್ತಾ ಕೇಳಿದರಂತೆ, ನಕ್ಕು ರೋಗವೆಂದು ಬರೆದುಕೊಂಡರು. ಗೋವಿಂದರಾಜ್ ಓದಿ ಹೇಳಿದಾಗ ನಮ್ಮತ್ತೆ ಕಾಳಿಯಮ್ಮ ಎಲೆಯಡಿಕೆ ಉಗಿದು, "ಕುರಿ ತಾವ ಮಾತಾಡೋರ್ಗೆಲ್ಲ ಉಚ್ಚಾ? ಅಂಗಾರೆ ನಿಮ್ಮಾವ ಸಾಯೋಗಂಟ ಉಚ್ಚನೇ ಆಗಿದ್ನಾ? ಯಾವಳ್ಲಾ ಅವ್ಳು ಬರ್ದೋಳು!" ಎಂದು ಎಗರಾಡಿದರು. ನಾವೆಲ್ಲ ನಕ್ಕೆವು, ಮಗಳು ಮಾತ್ರ ನಗಲಿಲ್ಲ. ಅಂದಿನಿಂದ ಬಂಡೆಯ ಮೇಲೆ ಬಾಯಿ ಮುಚ್ಚಿಕೊಂಡು ಓದುತ್ತಾಳೆ. ಏನೂ ತಲೆಗೆ ಹತ್ತುತ್ತಿಲ್ಲ ಎಂದು ಅಳುತ್ತಾಳೆ. 

ನನ್ನದು ಅನುಮಾನದ ಬುದ್ಧಿ ಎಂದು ಮನೆಯಲ್ಲೂ ಹೇಳುತ್ತಾರೆ. ಇರಲಿ. ಅದೇ ಬುದ್ಧಿಯಿಂದ, ಭುವನಾಳ ತರಗತಿಯಲ್ಲೇ ಇಂಥ ಸಲಹೆ ಸಿಕ್ಕ ಇನ್ನಿಬ್ಬರು ಮಕ್ಕಳು, ಶಕ್ತಿವೇಲ್ ಅವರ ಮಗನ ಕಾಗದ, ನಮ್ಮ ಬೀದಿಯ ಮುನಿಯಪ್ಪನವರ ಮೊಮ್ಮಗಳ ಕಾಗದ ಎರಡನ್ನೂ ತರಿಸಿ ನೋಡಿದೆ. ಮೂರಕ್ಕೂ ಕೊನೆಯ ಸಾಲು ಒಂದೇ: ಒತ್ತಡ ತಾಳುವ ಶಕ್ತಿಯಿಲ್ಲ, ಈ ವರ್ಷ ಪರೀಕ್ಷೆಯಿಂದ ಬಿಡುವು ಕೊಡುವುದು ಒಳಿತು. ಮೂರು ಮಕ್ಕಳು, ಮೂರು ಮನೆ, ಮೂರು ಭಯ, ಒಂದೇ ವಾಕ್ಯ! ಮೂವರೂ ಅರ್ಧವಾರ್ಷಿಕದಲ್ಲಿ ಫೇಲಾದವರು. ಅದೇ ತರಗತಿಯಲ್ಲಿ ಮೊದಲ ಸ್ಥಾನದ ಹುಡುಗಿ ಗಣಿತದ ದಿನ ತಲೆ ತಿರುಗಿ ಬಿದ್ದಳು. ಆ ಮಗುವಿಗೆ ಗ್ಲೂಕೋಸ್ ಕೊಟ್ಟು, ಫ್ಯಾನಿನ ಕೆಳಗೆ ಕೂರಿಸಿ, ಪರೀಕ್ಷೆ ಬರೆಸಿದರು. ಬಹಳ ಒಳ್ಳೆಯದು ಮಾಡಿದರು. ಆದರೆ ಅವಳಿಗೇಕೆ ಈ ಬಿಡುವಿನ ಸಲಹೆ ಬರಲಿಲ್ಲ? ಭಯಕ್ಕೂ ರ್‍ಯಾಂಕ್ ಉಂಟೇ? ಗೋಡೆಯ ಮೇಲೆ ಈಗಲೇ "ನೂರಕ್ಕೆ ನೂರು ಫಲಿತಾಂಶ" ಎಂದು ಬರೆಸಿದ್ದಾರೆ. ಅದನ್ನು ಮಕ್ಕಳಿಗೆ ಕಲಿಸಿ ಪಡೆಯುವುದು ಒಂದು ದಾರಿ, ಮಕ್ಕಳನ್ನು ಕಳಿಸಿ ಪಡೆಯುವುದು ಇನ್ನೊಂದು. ನನ್ನ ಅನುಮಾನ ಸುಳ್ಳಾಗಿದ್ದರೆ ನನ್ನಷ್ಟು ಸಂತೋಷಪಡುವವರು ಯಾರೂ ಇಲ್ಲ. ಮೂರೂ ಕಡತ ತರಿಸಿ, ತಾವೇ ಓದಿ, ಸುಳ್ಳೆಂದು ಹೇಳಿ.

ಪರೀಕ್ಷೆಗೆ ಹೆಸರು ಕಳಿಸಲು ಈ ತಿಂಗಳ ಕೊನೆಯವರೆಗೆ ಮಾತ್ರ ಸಮಯವಂತೆ. ಆ ಪಟ್ಟಿಯಲ್ಲಿ ಮೂವರ ಹೆಸರೂ ಇರಬೇಕು. ಸೋಮವಾರದ ವರಾಂಡ ಸೋಮವಾರದಿಂದಲೇ ನಿಲ್ಲಬೇಕು. ಕೌನ್ಸೆಲರ್ ಬರೆದದ್ದನ್ನು ಮೊದಲು ಮಗುವಿಗೆ ಅದರ ಭಾಷೆಯಲ್ಲಿ ಓದಿ ಹೇಳಬೇಕು, ಹೌದು ನಾನು ಹೇಳಿದ್ದು ಇದೇ ಎಂದು ಮಗು ಒಪ್ಪಿದ ಮೇಲೆ ಕಡತಕ್ಕೆ ಸೇರಿಸಬೇಕು. ಇದು ಬೇಡಿಕೆ, ಬೇಡುವಿಕೆಯಲ್ಲ.

ಇನ್ನೊಂದು ಮಾತು. ಬರುವ ಶುಕ್ರವಾರ ಭುವನಾಳನ್ನು ಮತ್ತೆ ಕೌನ್ಸೆಲಿಂಗ್‌ಗೆ ಕರೆದಿದ್ದಾರೆ. ಏನು ಹೇಳುತ್ತೀಯ ಎಂದು ಕೇಳಿದೆ. "ನಂಗೇನೂ ಆಗಿಲ್ಲ, ಚೆನ್ನಾಗಿವ್ನಿ ಅಂತೀನಮ್ಮಾ. ಇನ್ ಯಾರ್ ಕೇಳಿದ್ರೂ ಅಂಗೇ ಏಳ್ತೀನಿ" ಎಂದಳು. ಶುಕ್ರವಾರ ಅವಳು ಹಾಗೆಯೇ ಹೇಳುತ್ತಾಳೆ. ನಿಮ್ಮವರು ಗುಣವಾಯಿತೆಂದು ಬರೆದು, ಮೊಹರು ಒತ್ತಿ, ತಮಗೆ ಕಳಿಸುತ್ತಾರೆ. ದಯವಿಟ್ಟು ಅದನ್ನು ನಂಬಬೇಡಿ.

ಇಂತಿ,
ಈ ಪತ್ರ ಬರೆದ ಕಾರಣಕ್ಕೆ ಸಹಕರಿಸದ ಪೋಷಕರ ಪಟ್ಟಿಗೆ ಸೇರಲಿರುವ
ಮೀನಾ ಸಣ್ಣಯ್ಯ